ಬಾಲ ಹೊರಗಿದ್ದ ನೂರ ಅರವತ್ತು ಸುರುಳಿಗಳು

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಕನ್ನಡಕದಂಗಡಿಯ ಯಜಮಾನರು ಆರೋಪಿ ಯಾರೆಂದು ತಾವೇ ತೀರ್ಮಾನಿಸಿಕೊಂಡು ಬಂದಿದ್ದರು.

"ಮೆಕ್ಯಾನಿಕ್ಕೇ ಮಾಡಿದ್ದು. ಒಳಗೆ ಹಾಕಿ ಅವನನ್ನ."

"ಮೊದಲು ಏನಾಯ್ತು ಹೇಳಿ," ಎಂದರು ಇನ್‌ಸ್ಪೆಕ್ಟರ್. ಇಪ್ಪತ್ತು ವರ್ಷದ ನೌಕರಿಯಲ್ಲಿ ಆಕೆ, ಆರೋಪಿಯ ಹೆಸರು ಸಮೇತ ಬಂದ ದೂರನ್ನು ಅರ್ಧ ಮಾತ್ರ ನಂಬುವುದನ್ನು ಕಲಿತಿದ್ದರು.

ಆದದ್ದಿಷ್ಟು. ಯಜಮಾನರು ನಲವತ್ತು ವರ್ಷಗಳಿಂದ ಹಳೆಯ ಸಿನಿಮಾಗಳ ಹಾಡು, ಹಿನ್ನೆಲೆ ಸಂಗೀತವನ್ನೆಲ್ಲ ದೊಡ್ಡ ಟೇಪ್ ಸುರುಳಿಗಳಲ್ಲಿ ಕೂಡಿಟ್ಟಿದ್ದರು. ಒಟ್ಟು ನೂರ ಅರವತ್ತು. ಎಷ್ಟೋ ಹಾಡಿಗೆ ಬೇರೆಲ್ಲೂ ಪ್ರತಿಯಿರಲಿಲ್ಲ. ಹತ್ತು ದಿನ ಮಗಳ ಮನೆಯಲ್ಲಿದ್ದು ಭಾನುವಾರ ಮರಳಿ ಒಂದನ್ನು ಯಂತ್ರಕ್ಕೆ ಹಾಕಿದರೆ, ಸುಯ್ ಎನ್ನುವ ಗಾಳಿಸದ್ದು ಬಿಟ್ಟು ಏನೂ ಇಲ್ಲ. ಉಳಿದವುಗಳದ್ದೂ ಅದೇ ಹಣೆಬರಹ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್, ಮತ್ತು ಗಿಡಗಳಿಗೆ ನೀರು ಹಾಕಲು ಒಪ್ಪಿಕೊಂಡಿದ್ದ ಯಜಮಾನರ ಅಕ್ಕ.

11.05ಕ್ಕೆ ಎಫ್‌ಐಆರ್ ಆಯಿತು. 12.30ಕ್ಕೆ ಯಜಮಾನರ ಮನೆಯಲ್ಲಿ ಇಬ್ಬರು ಪಂಚರ ಮುಂದೆ ಪಂಚನಾಮೆ. ಹೆಡ್‌ಕಾನ್‌ಸ್ಟೇಬಲ್ ಒಂದೊಂದೇ ಡಬ್ಬಿ ತೆರೆದು ಎಣಿಸಿದ. ಕರೆಸಿದ್ದ ಮೆಕ್ಯಾನಿಕ್ ಬಾಗಿಲಲ್ಲಿ ಬೆವರುತ್ತ ನಿಂತಿದ್ದ.

"ಅಳಿಸಬೇಕಂದ್ರೆ ನೀನು ಹೇಗೆ ಅಳಿಸ್ತಿದ್ದೆ?" ಎಂದು ಇನ್‌ಸ್ಪೆಕ್ಟರ್ ಅವನನ್ನು ಕೇಳಿದರು.

"ಅಯಸ್ಕಾಂತದಿಂದ, ಮೇಡಂ. ಒಂದು ಗಂಟೆಯ ಕೆಲಸ." ಸುರುಳಿಯೊಂದನ್ನು ತಿರುಗಿಸಿ ನೋಡಿದವನೇ ಹುಬ್ಬೇರಿಸಿದ. "ಇದರ ಬಾಲ ಹೊರಗಿದೆಯಲ್ಲ."

"ಅಂದ್ರೆ?"

"ಟೇಪು ಕೊನೇ ತನಕ ಓಡಿದೆ, ಹಿಂದಕ್ಕೆ ಸುತ್ತಿಲ್ಲ. ರೆಕಾರ್ಡ್ ಗುಂಡಿ ಒತ್ತಿ ಏನೂ ತುಂಬದೆ ಓಡಿಸಿದ್ದಾರೆ. ನಾವು ಮನೇಲಿ ಕೇಳೋರು ಸುತ್ತಿಡ್ತೀವಿ. ಹೀಗೆ ಇಡೋದು ರೇಡಿಯೋ ಕೇಂದ್ರದೋರು. ಶಬ್ದ ಕೆಡಲ್ಲ ಅಂತ ಅವರಿಗೆ ಕೈ ಅಭ್ಯಾಸ."

ಎಲ್ಲ ಸುರುಳಿಗಳ ಬಾಲವೂ ಹೊರಗೇ ಇತ್ತು. ಹೆಡ್‌ಕಾನ್‌ಸ್ಟೇಬಲ್ ಲೆಕ್ಕ ಹಾಕಿದ. ಸುರುಳಿಗೆ ಅರ್ಧ ಗಂಟೆ. ಒಟ್ಟು ಎಂಬತ್ತು ಗಂಟೆ. "ಹತ್ತು ದಿನ ಡ್ಯೂಟಿ ಮಾಡಿದ್ದಾರೆ, ಮೇಡಂ. ನಮಗಿಂತ ನಿಯತ್ತಾಗಿ."

ಎದುರು ಮನೆಯ ದರ್ಜಿ ಹೊಲಿಗೆ ಯಂತ್ರದಿಂದ ಕಣ್ಣು ತೆಗೆಯದೆ ಹೇಳಿದ: "ಇವರ ಅಕ್ಕ ದಿನಾ ಹತ್ತಕ್ಕೆ ಬಂದು ಆರಕ್ಕೆ ಹೋಗೋರು. ನಾಲ್ಕು ಕುಂಡಕ್ಕೆ ನೀರು ಹಾಕೋಕೆ ಊಟದ ಡಬ್ಬಿ ಯಾಕೆ ಅಂತ ನಾನೂ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಯಜಮಾನರ ಕಡೆ ತಿರುಗಿದರು. "ಅಕ್ಕ ಏನು ಕೆಲಸದಲ್ಲಿದ್ರು?"

"ರೇಡಿಯೋ ಕೇಂದ್ರದ ಟೇಪ್ ಭಂಡಾರದಲ್ಲಿ. ಯಾಕೆ..." ಎಂದ ಯಜಮಾನರು ಮೆಕ್ಯಾನಿಕ್‌ನ ಕೈಯಲ್ಲಿದ್ದ ಸುರುಳಿಯ ಕಡೆ ನೋಡಿದರು. ಮೆಕ್ಯಾನಿಕ್ ಗೋಡೆಗೊರಗಿ ಉಸಿರುಬಿಟ್ಟ. ಅವನನ್ನು ಮನೆಗೆ ಕಳಿಸಲಾಯಿತು.

ಸಂಜೆ 5.40ಕ್ಕೆ ಅಕ್ಕನ ಮನೆ. ಆಕೆ ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆರೆದರು. ಕಾಯುತ್ತಿದ್ದರೆಂದು ಕಾಣುತ್ತದೆ.

"ನೀವೇ ಅಳಿಸಿದ್ದಾ?"

"ನಾನೇ."

"ಅಯಸ್ಕಾಂತ ಇತ್ತಲ್ಲ. ಹತ್ತು ದಿನ ಯಾಕೆ?"

"ಒಂದೊಂದೂ ಹೋಗೋದನ್ನ ಕೂತು ನೋಡಬೇಕಿತ್ತು. ಹೊಟ್ಟೆ ತಣ್ಣಗಾಗೋ ತನಕ."

ಅವರ ಮಗಳು ಐದು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಿದ್ದಳು. ಆ ಮಗುವಿನ ಮಾತು ತುಂಬಿದ್ದ ಒಂದೇ ಸುರುಳಿಯನ್ನು, ಕಣ್ಣೆದುರಿದ್ದರೆ ಕರುಳು ಹಿಂಡುತ್ತದೆಂದು, ತಮ್ಮನ ಕೈಗೆ ಕೊಟ್ಟಿದ್ದರು. ಮನೆ ಬದಲಿಸುವಾಗ ಕಳೆದುಹೋಯಿತೆಂದು ತಮ್ಮ ಹೇಳಿದ್ದ. ಮೂವತ್ತೊಂದು ವರ್ಷ ನಂಬಿದ್ದರು. ಹೋದ ತಿಂಗಳು ಅವನು ನೆಂಟರಿಗೆ ಒಂದು ಸಿನಿಮಾದ ಸಂಗೀತ ಕೇಳಿಸಿದ. ಅದು ಮುಗಿದ ಮೇಲೂ ಟೇಪು ಓಡುತ್ತಿತ್ತು. "ಅಮ್ಮ, ಕೆಂಪು ದೀಪ ಯಾಕೆ ಉರೀತಿದೆ?" ಎಂದಿತು ಒಂದು ಎಳೆಯ ದನಿ. ತಮ್ಮ ಓಡಿಬಂದು ಆರಿಸಿದ. ಖಾಲಿ ಸುರುಳಿ ಸಿಗದ ಕಾಲ ಅಕ್ಕ, ಅದರ ಮೇಲೇ ತುಂಬಿಸಿಕೊಂಡೆ, ಎಂದ.

ಆ ತುದಿಯನ್ನು ಆಕೆ ಬ್ಲೇಡಿನಿಂದ ಕತ್ತರಿಸಿಕೊಂಡಿದ್ದರು. ಏಳು ಅಡಿ ಟೇಪು, ಹನ್ನೊಂದು ಸೆಕೆಂಡಿನ ದನಿ. ತಾವಾಗಿಯೇ ಸೆರಗಿನಿಂದ ಬಿಚ್ಚಿ ಕೊಟ್ಟರು. ಹೆಡ್‌ಕಾನ್‌ಸ್ಟೇಬಲ್ ಅದನ್ನು ಸೀಲು ಮಾಡುವಾಗ ಮಾತ್ರ ಮುಖ ತಿರುಗಿಸಿದರು.

ಬಂಧನದ ಸಮಯ 7.15. ಠಾಣೆಯಲ್ಲಿ ಯಜಮಾನರು ಅಕ್ಕನಿಗೆ ಎದುರಾದರು.

"ಹನ್ನೊಂದು ಸೆಕೆಂಡಿಗೆ ನನ್ನ ನಲವತ್ತು ವರ್ಷ ಅಳಿಸಿಬಿಟ್ಟೆಯಲ್ಲ, ಅಕ್ಕ."

"ಹನ್ನೊಂದು ಸೆಕೆಂಡು ನೀನು ಉಳಿಸಿದ್ದು ಕಣೋ. ಅಳಿಸಿದ್ದು ಅರ್ಧ ಗಂಟೆ."

ಕೃತ್ಯದ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ಹಳೆಯ ವೈಷಮ್ಯ ಎಂದು ಬರೆದು, ಅದನ್ನು ಹೊಡೆದುಹಾಕಿ, ಮಗಳು ಎಂದು ಬರೆದರು.