ಇರುವೆ ಮೂಸದ ಸಿಹಿ

ನಮ್ಮಜ್ಜಿಯ ಅಜ್ಜಿಗೂ ಅಜ್ಜಿಯಾದವಳು ತೊಟ್ಟಿಲಲ್ಲಿ ಮಲಗಿದ್ದ ಕಾಲದಲ್ಲಿ ಸವಿಯೂರು ಅಂತ ಒಂದು ರಾಜ್ಯವಿತ್ತು. ಅಲ್ಲಿ ಕಬ್ಬು ಬೆಳೆಯದ ಹೊಲವಿರಲಿಲ್ಲ, ಜೇನು ಕಟ್ಟದ ಮರವಿರಲಿಲ್ಲ. ಬಾಯಿ ಸಿಹಿ ಮಾಡದೆ ಆ ಜನ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ಮಗುವಿಗೆ ಹೆಸರಿಡುವಾಗಲಂತೂ ಬಲು ಕಟ್ಟುನಿಟ್ಟು. ಮೊದಲು ನಾಲಿಗೆಗೆ ಸಿಹಿ ಮುಟ್ಟಿಸಬೇಕು, ಆಮೇಲೆ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು. ಸಿಹಿಯಿಲ್ಲದೆ ಹೇಳಿದ ಹೆಸರು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಬಿದ್ದು ಗಾಳಿಪಾಲಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಮಿಡತೆಗಳ ದಂಡು ಬಂದು ಪೈರನ್ನೆಲ್ಲ ಮೇಯತೊಡಗಿತು. ರಾಜ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಗೊದ್ದರಾಯನೆಂಬ ಮಾಂತ್ರಿಕ ಬಂದ. ಗೊದ್ದ ಗೊತ್ತಲ್ಲ, ಕಚ್ಚಿದರೆ ತಲೆ ಕಿತ್ತು ಬಂದರೂ ಬಿಡದ ಕಪ್ಪಿರುವೆ? ಇವನೂ ಅದೇ ಜಾತಿಯ ಮನುಷ್ಯ. ಕೋಲು ಬೀಸಿದ, ಇರುವೆಗಳ ಸೇನೆ ಕರೆದ, ಮಿಡತೆಗಳನ್ನು ಓಡಿಸಿದ. ಆಮೇಲೆ ಕೈ ಮುಗಿದು ಕೇಳಿದ:

“ಮಹಾಪ್ರಭು, ನನಗೆ ಚಿನ್ನ ಬೇಡ, ಬೆಳ್ಳಿ ಬೇಡ. ನನ್ನ ಇರುವೆಗಳಿಗೆ ಯಾವ ಸಿಹಿ ಬೇಕೋ ಅದನ್ನು ಬಿಟ್ಟುಕೊಟ್ಟರೆ ಸಾಕು.”

“ಅಷ್ಟೇನಾ! ಇರುವೆ ಎಷ್ಟು ತಿಂದೀತು? ತಗೊಂಡು ಹೋಗಯ್ಯ,” ಅಂದುಬಿಟ್ಟ ರಾಜ. ದೊಡ್ಡವರ ದಡ್ಡತನವೂ ದೊಡ್ಡದೇ. ಇರುವೆ ಒಂಟಿಯಾಗಿ ಬರುವುದಿಲ್ಲ ಅನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಮರುದಿನವೇ ಇರುವೆ ಸಾಲು ಊರೊಳಗೆ ಬಂತು. ಬೆಲ್ಲದ ಗಡಿಗೆ ಖಾಲಿಯಾಯಿತು, ಜೇನಿನ ಭರಣಿ ಖಾಲಿಯಾಯಿತು, ಆಲೆಮನೆಯ ಕೊಪ್ಪರಿಗೆ ತೊಳೆದಿಟ್ಟಂತಾಯಿತು. ಹಣ್ಣೂ ಉಳಿಯಲಿಲ್ಲ. ಎಲ್ಲವೂ ಹುತ್ತದ ಗುಡ್ಡದ ಗವಿ ಸೇರಿತು. ಗೊದ್ದರಾಯ ತಿಂದು ತಿಂದು ಕಣಜದಂತೆ ಊದಿದ. ಮದವೇರಿ ಒಂದು ದಿನ ಪೇಟೆಯ ನಡುವೆ ನಿಂತು ಕೂಗಿದ: “ನನ್ನ ಇರುವೆ ಮೂಸದ ಸಿಹಿ ಈ ನಾಡಿನಲ್ಲಿ ಒಂದೇ ಒಂದಿದ್ದರೂ ನನ್ನ ಮಾಯೆ ಮಣ್ಣುಪಾಲಾಗಲಿ!” ಮಾಂತ್ರಿಕರು ಹೀಗೆಲ್ಲ ಆಣೆ ಇಡಬಾರದು. ಆದರೆ ಸೊಕ್ಕಿಗೆ ಯಾರು ಬುದ್ಧಿ ಹೇಳುತ್ತಾರೆ?

ಸಿಹಿ ಹೋಯಿತು ಅನ್ನುವುದು ದೊಡ್ಡ ದುಃಖವಲ್ಲ. ಹೆಸರು ಹೋಯಿತಲ್ಲ, ಅದು ದುಃಖ. ಹೆಸರಿಲ್ಲದ ಕೂಸಿಗೆ ಮೊದಲ ಹಲ್ಲು ಮೂಡಿದ ದಿನ ಗೊದ್ದರಾಯ ಬಾಗಿಲಿಗೆ ಬರುತ್ತಿದ್ದ. “ಹೆಸರಿಲ್ಲದ್ದು ಯಾರದ್ದೂ ಅಲ್ಲ, ನನ್ನದು,” ಅಂತ ಕೋಲು ಮುಟ್ಟಿಸುತ್ತಿದ್ದ. ಕೂಸು ಇರುವೆಯಾಗಿ ಸಾಲು ಸೇರುತ್ತಿತ್ತು. ಹಾಗೆ ಮಗನನ್ನು ಕಳೆದುಕೊಂಡ ದ್ಯಾಮಕ್ಕ ಅನ್ನುವವಳು ದಿನವೂ ಹೊಸ್ತಿಲಲ್ಲಿ ಕೂತು, ಸಾಲಿನಲ್ಲಿ ತನ್ನದು ಯಾವುದೋ ಎಂದು ನೋಡುತ್ತಿದ್ದಳು. ಆ ಊರಲ್ಲಿ ಇರುವೆಯನ್ನು ತುಳಿಯುವವರೇ ಇರಲಿಲ್ಲ.

ದ್ಯಾಮಕ್ಕನ ಪಕ್ಕದ ಮನೆ ಡಂಗೂರದ ಬೀರಣ್ಣನದು. ಅವನ ತಂಗಿ ಹೊನ್ನಾಜಿ. ಅಣ್ಣ ತಮಟೆ ಬಾರಿಸಿದರೆ ರಾಜನ ಸುದ್ದಿ ಸಾರುವವಳು ಇವಳೇ. ಇವಳು ಕೂಗಿದರೆ ಆಚೆ ಊರಿನ ಕೋಳಿ ಎದ್ದು ಕೂರುತ್ತಿತ್ತು. ಮಾತಿನಲ್ಲಿ ಇವಳನ್ನು ಗೆದ್ದವರಿಲ್ಲ. ಬೇರೆಯವರ ಮಾತನ್ನು ಇವಳು ಪೂರ್ತಿ ಕೇಳಿಸಿಕೊಂಡದ್ದೂ ಇಲ್ಲ, ಬಿಡಿ.

ಬೀರಣ್ಣನ ಹೆಂಡತಿ ನೀಲಮ್ಮ ಹೆಣ್ಣು ಹೆತ್ತಳು. ತಿಂಗಳುಗಳು ಉರುಳಿದವು. ಕೂಸು ಎಲ್ಲವನ್ನೂ ಕಚ್ಚತೊಡಗಿತು. ನೀಲಮ್ಮ ಅದರ ಒಸಡು ಮುಟ್ಟಿ ನೋಡಿ ಅಳತೊಡಗಿದಳು.

“ಅತ್ಗೆ, ಅಳಬ್ಯಾಡ,” ಅಂದಳು ಹೊನ್ನಾಜಿ. “ಸೋದರತ್ತೆ ನಾನು. ನನ್ನ ಸೊಸೆ ಇರುವೆ ಆಗೋಕೆ ಬಿಡ್ತೀನಾ? ಸಿಹಿ ತರ್ತೀನಿ, ಹೆಸರಿಡ್ತೀನಿ. ನೋಡ್ತಿರು.”

ಬೆಟ್ಟ ಹತ್ತಿದಳು, ಕಣಿವೆ ಇಳಿದಳು. ಜೇನುಗಲ್ಲಿನ ಬಳಿ ಮಾತಾಡುವ ಕರಡಿಯೊಂದು ಕಾವಲಿತ್ತು.

“ಯಾರದು? ತಿಂದುಬಿಡ್ತೀನಿ!”

“ತಿನ್ನುವೆಯಂತೆ ಮಾವ. ಮೊದಲು ಹೇಳು, ಬೆನ್ನು ಕಡಿತಾ ಇದೆಯಲ್ಲವಾ?”

ಕರಡಿಗೆ ಬೆನ್ನು ಕಡಿಯದ ದಿನವಿದೆಯೇ! ಹೊನ್ನಾಜಿ ತಮಟೆಯ ಕೋಲಿನಿಂದ ಗರಗರ ಕೆರೆದಳು. “ಇನ್ನೂ ಸ್ವಲ್ಪ ಕೆಳಗೆ... ಹಾಂ, ಅಲ್ಲೇ...” ಅನ್ನುತ್ತಾ ಕರಡಿ ಗೊರಕೆ ಹೊಡೆಯಿತು. ಇವಳು ಜೇನುಹುಟ್ಟು ಕಿತ್ತು ಮನೆಗೆ ಓಡಿದಳು. ಹೊಸ್ತಿಲು ದಾಟುವಷ್ಟರಲ್ಲಿ ಇರುವೆ ಸಾಲು ಬಂತು, ಮೂಸಿತು, ಹೊತ್ತುಕೊಂಡು ಹೋಯಿತು.

“ಒಸಡು ಗಟ್ಟಿಯಾಗಿದೆ ಕಣೇ,” ಅಂದಳು ನೀಲಮ್ಮ.

ಮತ್ತೆ ಬೆಟ್ಟ ಹತ್ತಿದಳು, ಕಣಿವೆ ಇಳಿದಳು. ಕರಿಕಬ್ಬಿನ ತೋಪಿನಲ್ಲಿ ಏಳು ಹೆಡೆಯ ಸರ್ಪ ಕಾವಲಿತ್ತು.

“ಕಚ್ಚುತ್ತೇವೆ!” ಅಂದವು ಏಳೂ ಬಾಯಿಗಳು.

“ಕಚ್ಚಿ, ಅದಕ್ಕೇನಂತೆ. ಆದರೆ ನಿಮ್ಮಲ್ಲಿ ದೊಡ್ಡವರು ಯಾರೋ ಅವರೇ ಕಚ್ಚಬೇಕಪ್ಪ. ಸಣ್ಣವರ ಕೈಲಿ ಕಚ್ಚಿಸಿಕೊಂಡರೆ ನನ್ನ ಮರ್ಯಾದೆ ಏನಾಗಬೇಕು?”

ನಾನು ದೊಡ್ಡವನು, ನಾನು ದೊಡ್ಡವನು ಅಂತ ಏಳು ಹೆಡೆಗಳೂ ಜಗಳಕ್ಕೆ ಬಿದ್ದು, ಒಂದರ ಕುತ್ತಿಗೆಗೆ ಒಂದು ಸುತ್ತಿ ಜಡೆಯಾದವು. ಹೊನ್ನಾಜಿ ಕಬ್ಬು ಮುರಿದುಕೊಂಡು ಬಂದಳು. ಅಂಗಳದಲ್ಲೇ ಸಾಲು ಬಂತು, ಮೂಸಿತು, ಹೊತ್ತುಕೊಂಡು ಹೋಯಿತು.

“ಒಸಡು ಬೆಳ್ಳಗಾಗಿದೆ,” ಅಂದಳು ನೀಲಮ್ಮ. ಈಗ ಅವಳು ಅಳುತ್ತಲೂ ಇರಲಿಲ್ಲ.

ಮೂರನೆಯ ಸಲ ಹೊನ್ನಾಜಿ ನಾಡಿನ ಗಡಿಯನ್ನೇ ದಾಟಿದಳು. ಅಲ್ಲೊಂದು ತೊರೆ. ತೊರೆಯ ದಡದಲ್ಲಿ ಮೊಣಕಾಲೆತ್ತರದ ಗಿಡಗಳು, ನೋಡಲು ತುಳಸಿಯ ದೂರದ ನೆಂಟರ ಹಾಗೆ, ಸಣ್ಣ ಬಿಳಿ ಹೂವು. ನಡುವೆ ಒಂದು ಬಂಡೆ. ಬಂಡೆ ಕಣ್ಣು ಬಿಟ್ಟಾಗ ಅದು ಆಮೆ ಎಂದು ತಿಳಿಯಿತು.

“ಅಜ್ಜ, ಸಿಹಿ ಬೇಕು,” ಅಂದಳು.

“ಒಗಟು ಬಿಡಿಸು. ಬಿಡಿಸದಿದ್ದರೆ ನನ್ನ ಹಾಗೇ ಬಂಡೆಯಾಗಿ ಕೂರು,” ಅಂದಿತು ಆಮೆ. “ಹೂವಲ್ಲ, ಹಣ್ಣಲ್ಲ, ಜೇನು ಕಟ್ಟಿದ್ದಲ್ಲ. ಗಾಣಕ್ಕೆ ಹೋಗಲ್ಲ, ಕೊಪ್ಪರಿಗೆಯಲ್ಲಿ ಕುದಿಯಲ್ಲ. ಆದರೂ ಸಿಹಿ. ಏನದು?”

ಹೊನ್ನಾಜಿ ಯೋಚಿಸಿದಳು. ಕಾಲ್ಬೆರಳು ಕಲ್ಲಾಗತೊಡಗಿತು. ಹಿಂದೆಯೇ ಇರುವೆ ಸಾಲೂ ಬಂದಿತ್ತು, ಅವಳು ಹೋದಲ್ಲೆಲ್ಲ ಅವು ಹೋಗುತ್ತಿದ್ದವು. ಮೊಣಕಾಲಿನವರೆಗೆ ಕಲ್ಲಾಯಿತು. ಯೋಚನೆ ಹತ್ತಿದಾಗ ಕೈಗೆ ಸಿಕ್ಕ ಹಸಿರನ್ನು ಚಿವುಟಿ ಬಾಯಿಗೆ ಹಾಕುವುದು ಅವಳ ಚಾಳಿ. ಚಿವುಟಿದಳು, ಜಗಿದಳು.

“ಎಲೆ!” ಅಂತ ಕಿರುಚಿದಳು. “ಅಜ್ಜ, ಎಲೆ! ಬೆಲ್ಲಕ್ಕಿಂತ ಸಿಹಿ ಈ ಎಲೆ!”

ಕಾಲು ಸಡಿಲವಾಯಿತು. ಇರುವೆ ಸಾಲು ಬಂತು, ಮೂಸಲೂ ಇಲ್ಲ, ಬರೀ ಸೊಪ್ಪೆಂದು ದಾಟಿ ಹೋಯಿತು. ಹೊನ್ನಾಜಿ ಬೆರಗಾಗಿ ನೋಡಿದಳು.

“ಇದು ಮಧುಪತ್ರೆ,” ಅಂದಿತು ಆಮೆ ನಿಧಾನವಾಗಿ. “ಒಂದು ಎಲೆ ಹಾಕಿದರೆ ಜೇನಿನಷ್ಟು ಸಿಹಿ. ಒಂದು ಹಿಡಿ ಹಾಕಿದರೆ...”

ಅಷ್ಟು ಹೊತ್ತಿಗೆ ನಮ್ಮ ಹೊನ್ನಾಜಿ ಸೆರಗಿನ ತುಂಬ ಎಲೆ ಕಟ್ಟಿಕೊಂಡು ಗುಡ್ಡ ಏರುತ್ತಿದ್ದಳು. ಆಮೆಯ ಅರ್ಧ ಮಾತು ತೊರೆಗೇ ಹೋಯಿತು.

ಮನೆಗೆ ಬಂದು ಅತ್ತಿಗೆಯ ಮುಂದೆ ಎಲೆ ಸುರಿದಳು. ಸಿಹಿ ಕಂಡು ವರ್ಷಗಳಾದ ಮನೆ, ಕೈ ಹಿಡಿತ ಎಲ್ಲಿರುತ್ತದೆ? ಅಷ್ಟನ್ನೂ ನೀರಿಗೆ ಹಾಕಿ ಕುದಿಸಿದರು. ನೀಲಮ್ಮ ಬೆರಳದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಿದಳು. ಕೂಸು ಮುಖ ಹಿಂಡಿ, ಉಗಿದು, ಊರು ಹಾರಿಹೋಗುವಂತೆ ಅತ್ತಿತು. ಅತ್ತ ಬಾಯಲ್ಲಿ ಅಕ್ಕಿನುಚ್ಚಿನಷ್ಟು ಬೆಳ್ಳಗೆ ಒಂದು ಹಲ್ಲು ಕಂಡಿತು.

ನೀಲಮ್ಮ ತಾನೂ ನೆಕ್ಕಿ ನೋಡಿದಳು. “ಕಹಿ! ಬೇವಿನ ಕಷಾಯ ತಂದ್ಯೇನೇ ಹೊನ್ನಾಜಿ? ನನ್ನ ಕೂಸು ಹೋಯ್ತಲ್ಲೇ!”

ಹೊನ್ನಾಜಿಗೆ ಹುಟ್ಟಿದ ಮೇಲೆ ಮೊದಲ ಬಾರಿ ಮಾತು ಹೊರಡಲಿಲ್ಲ. ಆ ಮೌನದಲ್ಲಿ ಆಮೆಯ ಅರ್ಧ ಮಾತು ಕಿವಿಗೆ ಬಂತು. ಒಂದು ಎಲೆ ಹಾಕಿದರೆ ಸಿಹಿ, ಹಿಡಿ ಹಾಕಿದರೆ...? ಅವಳು ಸೆರಗು ಕೊಡವಿದಳು. ಗಂಟಿನ ಮಡಿಕೆಯಲ್ಲಿ ಒಂದೇ ಒಂದು ಎಲೆ ಅಂಟಿಕೊಂಡಿತ್ತು. ಅದರ ತುದಿ ಚಿವುಟಿ ನಾಲಿಗೆಗೆ ಇಟ್ಟುಕೊಂಡಳು. ಸಿಹಿ! ಎಲೆಯಲ್ಲಿ ದೋಷವಿರಲಿಲ್ಲ, ಅಳತೆಯಲ್ಲಿತ್ತು.

ಅಷ್ಟರಲ್ಲಿ ನೆಲ ಅದುರಿತು. ಗೊದ್ದರಾಯ ಬಾಗಿಲಿಗೆ ಬಂದಿದ್ದ, ಹಿಂದೆ ಇರುವೆಗಳ ಕರಿಹೊಳೆ. ಕೇರಿಯ ಜನ ಸೇರಿದರು.

“ಹಲ್ಲು ಬಂತಂತೆ. ಹೆಸರಿಲ್ಲದ್ದು ಯಾರದ್ದೂ ಅಲ್ಲ,” ಅಂತ ಕೋಲೆತ್ತಿದ.

“ತಡಿ ಸ್ವಾಮಿ,” ಅಂದಳು ಹೊನ್ನಾಜಿ. “ಹೆಸರಿಡ್ತಾ ಇದ್ದೀವಿ, ಕಾಣಲ್ವಾ?” ಎಲೆಯನ್ನು ಎರಡು ಮಾಡಿದಳು. ಅರ್ಧವನ್ನು ಉಗುರಲ್ಲಿ ಜಜ್ಜಿ, ಒಂದು ಹನಿ ರಸ ಕೂಸಿನ ನಾಲಿಗೆಗೆ ಸವರಿದಳು. ಕೂಸು ಅಳು ನಿಲ್ಲಿಸಿತು. ಚಪ್ಪರಿಸಿತು. ಅತ್ತೆಯ ಬೆರಳನ್ನೇ ಹಿಡಿದು ಚೀಪಿತು. ಹೊನ್ನಾಜಿ ಬಾಗಿ ಕಿವಿಯಲ್ಲಿ ಹೇಳಿದಳು: “ಚಂಪಕ್ಕ. ಚಂಪಕ್ಕ. ಚಂಪಕ್ಕ.”

ಗೊದ್ದರಾಯ ನಕ್ಕ ರಭಸಕ್ಕೆ ಹೆಂಚು ಜಾರಿದವು. “ಅದು ಸಿಹಿಯಾಗಿದ್ದರೆ ನನ್ನ ಇರುವೆ ಬರುತ್ತಿರಲಿಲ್ಲವೇ? ನೋಡು, ಒಂದೂ ಬರಲಿಲ್ಲ. ಅದು ಸಿಹಿಯಲ್ಲ, ಇದು ಹೆಸರಲ್ಲ. ಕೂಸು ಕೊಡು.”

“ನಿಮ್ಮ ಇರುವೆ ಮಾತು ಯಾಕೆ ಸ್ವಾಮಿ? ಸಿಹಿ ತಿಂದು ತಿಂದು ಪಳಗಿದ ನಾಲಿಗೆ ನಿಮ್ಮದು. ನೀವೇ ಹೇಳಿ,” ಅಂತ ಉಳಿದರ್ಧ ಎಲೆಯನ್ನು ಚಾಚಿದಳು.

“ಬ್ಯಾಡ ಕಣೇ, ಇರೋದೇ ಅಷ್ಟು!” ಅಂತ ನೀಲಮ್ಮ ಕೈ ಹಿಡಿದಳು. ಹೊನ್ನಾಜಿ ಬಿಡಿಸಿಕೊಂಡಳು.

ಗೊದ್ದರಾಯನಿಗೆ ಸುಳ್ಳು ಹೇಳುವುದು ಕಷ್ಟವೇನಲ್ಲ. ಥೂ, ಸಪ್ಪೆ ಎಂದರೆ ಮುಗಿಯಿತು. ಹಾಗೆಂದೇ ಯೋಚಿಸಿ ಎಲೆ ಬಾಯಿಗೆ ಹಾಕಿ ಜಗಿದ. ಅವನ ಕಣ್ಣು ಅರಳಿತು. ಗವಿ ತುಂಬ ಬೆಲ್ಲವಿದ್ದವನಿಗೆ ಈ ರುಚಿ ಹೊಸದು. ಬುದ್ಧಿ ಇನ್ನೂ ಸುಳ್ಳು ಜೋಡಿಸುತ್ತಿತ್ತು, ಆಸೆಬುರುಕ ಬಾಯಿ ಮಾತ್ರ ಕಾಯಲಿಲ್ಲ.

“ಆಹಾ, ಏನು ಸಿಹಿ! ಇನ್ನೊಂದಿದ್ದರೆ ಕೊಡೇ,” ಅಂದುಬಿಟ್ಟ.

ಕೇರಿಗೆ ಕೇರಿಯೇ ಕೇಳಿಸಿಕೊಂಡಿತು. ಹೊನ್ನಾಜಿ ತಾನು ಡಂಗೂರ ಸಾರುವ ಗಂಟಲಿನಲ್ಲಿ ಕೂಗಿದಳು: “ಕೇಳ್ರಪ್ಪೋ ಕೇಳಿ! ಇರುವೆ ಮೂಸದ ಸಿಹಿ ಇದೆ ಅಂತ ಗೊದ್ದರಾಯನೇ ಒಪ್ಪಿಕೊಂಡ!”

ತನ್ನ ಆಣೆ ನೆನಪಾಗಿ ಅವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಕೋಲು ಮಣ್ಣಾಯಿತು, ಕೋಲು ಹಿಡಿದ ಕೈ ಮಣ್ಣಾಯಿತು, ಊದಿದ ಹೊಟ್ಟೆ ಕುಸಿದು ಮಣ್ಣಾಯಿತು. ಕೇರಿಯ ನಡುವೆ ಒಂದು ಗುಡ್ಡೆ ಮಣ್ಣು ಬಿಟ್ಟರೆ ಮಾಂತ್ರಿಕನ ಗುರುತು ಉಳಿಯಲಿಲ್ಲ.

ಆಗ ಇರುವೆ ಸಾಲು ನಿಂತಿತು, ಮೈಮುರಿಯಿತು. ಕೂಸಾಗಿದ್ದ ಒಂದೊಂದು ಇರುವೆಯೂ ಮತ್ತೆ ಮಗುವಾಯಿತು. ಕೆಲವು ಇನ್ನೂ ಅಂಬೆಗಾಲಿನವು, ಕೆಲವು ಸೊಂಟದೆತ್ತರ ಬೆಳೆದಿದ್ದವು. ತಾಯಂದಿರು ನುಗ್ಗಿದರು. ಕೂಗೋಣವೆಂದರೆ ಹೆಸರಿಲ್ಲವಲ್ಲ! ಕಂದ, ಪುಟ್ಟ, ನನ್ನಪ್ಪ ಎಂದು ಅಳುತ್ತಾ ಕರೆದರು. ದನಿ ಗುರುತು ಹಿಡಿದು ಮಕ್ಕಳೇ ತಾಯಂದಿರ ಬಳಿಗೆ ಬಂದವು. ಹುತ್ತದ ಗುಡ್ಡದ ಗವಿ ಒಡೆದು ಬೆಲ್ಲ, ಜೇನು ಎಲ್ಲ ತಂದರು. ಮಧುಪತ್ರೆಯೂ ಆ ನಾಡಿಗೆ ಬಂತು. ಹೊನ್ನಾಜಿ ಆಮೆಯ ಬಳಿಗೆ ಮತ್ತೆ ಹೋಗಿ, ಈ ಸಲ ಕೂತು ಪೂರ್ತಿ ಮಾತು ಕೇಳಿ, ಸಸಿ ತಂದು ಹಿತ್ತಿಲು ಹಿತ್ತಿಲಿಗೆ ಹಂಚಿದಳು. ಬೆಲ್ಲ ಒಗ್ಗದ ಮುದುಕರು ಅದನ್ನು ಚಿಟಿಕೆಯಷ್ಟು ಹಾಕಿಕೊಂಡು ಪಾನಕ ಕುಡಿದರು. ರಾಜ ಮಾತು ಕೊಡುವ ಮುನ್ನ ಹತ್ತು ಜನರನ್ನು ಕೇಳುವುದನ್ನು ಕಲಿತ. ಎಲ್ಲರೂ ಚೆನ್ನಾಗಿದ್ದರು.

ಆದರೆ ಆ ದಿನದ ಮಾತು ಇನ್ನೊಂದಿದೆ. ಸಂಜೆಯವರೆಗೂ ಕೇರಿಯಲ್ಲಿ ನಾಮಕರಣವೋ ನಾಮಕರಣ. ಕಡೆಗೆ ದ್ಯಾಮಕ್ಕ ತನ್ನ ಮಗನನ್ನು ಕರೆತಂದಳು. ಅವಳ ಗಂಡನಿಗೆ ಅಕ್ಕತಂಗಿಯರಿರಲಿಲ್ಲ.

“ಹೊನ್ನಾಜಿ, ಇವನಿಗೂ ನೀನೇ ಸೋದರತ್ತೆಯಾಗವ್ವ.”

“ಆಗ್ತೀನಿ ಅಕ್ಕ. ಏನಂತ ಹೆಸರಿಡಲಿ?”

ಅವನು ಹೊಟ್ಟೆಯಲ್ಲಿದ್ದಾಗಲೇ ದ್ಯಾಮಕ್ಕ ಹೆಸರು ಆರಿಸಿದ್ದಳು. ಗಾಳಿಪಾಲಾದೀತೆಂದು ಹೆದರಿ, ಇಷ್ಟು ವರ್ಷವೂ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಲು ಬಾಯಿ ತೆರೆದವಳು ಮಗನ ತಲೆ ಸವರುತ್ತಾ ನಿಂತಳು. ಹೊನ್ನಾಜಿ ಅವಸರಿಸಲಿಲ್ಲ. ಮಗನ ನಾಲಿಗೆಗೆ ಜೇನು ಮುಟ್ಟಿಸಿ ಕಾಯುತ್ತಾ ಕೂತಳು.

“ಮುತ್ತಯ್ಯ,” ಅಂದಳು ದ್ಯಾಮಕ್ಕ.

“ಹೂಂ ಅವ್ವ,” ಅಂದ ಮಗ.