ಸಾಲ ಅದ ಅಂದವಳು

"ಕೈ ಬಿಡ್ರೀ!"

"ಬಿಟ್ರ ಡೇರೆ ಮೈಮ್ಯಾಲ ಬೀಳ್ತದ್ರಿ, ಟೀಚರ್ರ!"

ಮಾನ್ವಿಯ ಟೂರಿಂಗ್ ಟಾಕೀಸಿನ ಡೇರೆ ಆ ಸಂಜೆಯ ಬಿರುಗಾಳಿಗೆ ಹರಿದು ಹಾರಾಡುತ್ತಿತ್ತು. ನೂಕುನುಗ್ಗಲಿನಲ್ಲಿ ಬಿದ್ದಿದ್ದ ಹಂಪಮ್ಮನನ್ನು ಹೊರಗೆಳೆದು ತಂದವನು ಟಾಕೀಸಿನ ಮಾಲೀಕ ಹನುಮಂತ್ರಾಯ. ಅವಳನ್ನು ಬಯಲಿಗೆ ಬಿಟ್ಟು ತಿರುಗುವಷ್ಟರಲ್ಲಿ ಡೇರೆ, ಪರದೆ, ಯಂತ್ರ... ಎಲ್ಲ ನೆಲಕ್ಕೆ!

ಅವನ ಕಣ್ಣಲ್ಲಿ ನೀರು ಕಂಡು ಅವಳ ಸಿಟ್ಟು ಇಳಿಯಿತು.

ಹಂಪಮ್ಮ ಹುಡುಗಿಯರ ಶಾಲೆಯ ಟೀಚರು. ಜಾಲಹಳ್ಳಿಯ ತವರಿನಲ್ಲಿ ತನ್ನವರು ಅನ್ನುವವರು ಯಾರೂ ಉಳಿದಿರಲಿಲ್ಲ. ಹಸೀನಾ ಬೇಗಂ ಮನೆಯ ಬಾಡಿಗೆ ಕೋಣೆಯೇ ಅವಳ ಲೋಕ. ಆ ಲೋಕಕ್ಕೆ ಅಂದು ಹನುಮಂತ್ರಾಯ ಬಂದ.

ಡೇರೆ ಹೋಯಿತು, ಅದಕ್ಕೆ ಮಾಡಿದ ಸಾಲ ಉಳಿಯಿತು. ಹನುಮಂತ್ರಾಯ ರಾಯಚೂರಿನಲ್ಲಿ ಪೊಲೀಸ್ ವೈರ್‌ಲೆಸ್ ಕೆಲಸಕ್ಕೆ ಸೇರಿದ. ರವಿವಾರ ಮಾನ್ವಿಗೆ ಬಂದು ಸಾಲ ಕೊಟ್ಟ ಸಾಹುಕಾರರಿಗೆ ಒಂದಿಷ್ಟು ತೀರಿಸಿ, ಅವಳ ಕೈಯ ಚಹಾ ಕುಡಿದು ಹೋಗುತ್ತಿದ್ದ.

೧೯೮೧ರಲ್ಲಿ ಪೊಲೀಸರ ಗುಪ್ತ ಸಂದೇಶಗಳ ವಿಭಾಗಕ್ಕೆ ಅವನು ಅರ್ಜಿ ಹಾಕಿದ.

"ಇದೊಂದು ಆಗ್ಲಿ, ಹಂಪಮ್ಮ. ಆಮ್ಯಾಲ ನಮ್ಮ ಲಗ್ನ!"

ಆದರೆ ಮೊದಲು ಅವನನ್ನು ಬಲ್ಲವರ ವಿಚಾರಣೆ. ರಾಮಲಿಂಗಪ್ಪ ಎಂಬ ಅಧಿಕಾರಿ ಸಾದಾ ಬಟ್ಟೆಯಲ್ಲಿ ಅವಳ ಬಾಗಿಲಿಗೆ ಬಂದರು.

"ಅಂವಗ ಸಾಲ ಏನರ ಅದ ಏನಮ್ಮ? ಅಂವ ಇಲ್ಲಂತ ಹೇಳ್ಯಾನ."

"ಸಾಲಕ್ಕೂ ಈ ಕೆಲಸಕ್ಕೂ ಏನ್ ಸಂಬಂಧ್ರಿ?"

"ಸರ್ಕಾರದ ಗುಟ್ಟು ಅವನ ಕೈಯಾಗ ಇರ್ತದ. ಸಾಲಗಾರನ್ನ ಯಾರರ ರೊಕ್ಕ ತೋರ್ಸಿ ಕೊಳ್ಬಹುದು, ಇಲ್ಲ ಹೆದರಿಸಬಹುದು."

'ಇಲ್ಲ ಅಂದುಬಿಡಲೇ?... ನನ್ನ ಲಗ್ನವೂ ಇದರಲ್ಲೇ ಇದೆಯಲ್ಲ!'

"ಸಾಲ ಅದರಿ," ಎಂದಳು. "ಆದ್ರ ಉಪಾಸ ಬಿದ್ರೂ ತನ್ನ ತಾನು ಮಾರ್ಕೊಳ್ಳೋ ಮನಷ್ಯಾ ಅಲ್ರಿ ಅಂವ."

ಆ ಕೆಲಸ ಸಿಗಲಿಲ್ಲ. ಹನುಮಂತ್ರಾಯ ಕೆಂಡದಂತೆ ಬಂದ.

"ಊರಾಗ ಯಾರ ಹೇಳಿದ್ರೂ ತಡ್ಕೊಂತಿದ್ದೆ. ನೀನು!..."

"ಅದನ್ನ ಮುಚ್ಚಿಟ್ರ, ನಾಳೆ ಯಾರರ ಅದನ್ನ ಹಿಡ್ದು ನಿಮ್ಮನ್ನ ಕುಣಿಸಿದ್ರ?"

ಕೇಳಲು ಅವನು ನಿಲ್ಲಲಿಲ್ಲ.

ಆಮೇಲೆ ರವಿವಾರಗಳು ಬಂದವು, ಅವನು ಬರಲಿಲ್ಲ. ಒಬ್ಬಳಿಗೇ ಎಂದು ಒಲೆ ಹೊತ್ತಿಸಲು ಬೇಸರವಾಗಿ, ಹಂಪಮ್ಮ ಬೆಳಗಿನ ರೊಟ್ಟಿಯನ್ನೇ ಸಂಜೆಯೂ ಮುರಿದು ತಿನ್ನುತ್ತಿದ್ದಳು. ಶಾಲೆಗೆ ರಜೆ ಬಿಟ್ಟರೆ ಇನ್ನೂ ಕಷ್ಟ. ಇಡೀ ದಿನ ಒಂದು ಮಾತೂ ಆಡದೆ ಕಳೆದು, ತನ್ನ ದನಿ ಇದೆಯೋ ಇಲ್ಲವೋ ಎಂದು ಬಾಗಿಲು ಹಾಕಿಕೊಂಡು ಕೆಮ್ಮಿ ನೋಡಿದ್ದೂ ಉಂಟು.

"ಅಂವಗೊಂದು ಚೀಟಿ ಬರಿ, ಬೇಟಿ," ಎನ್ನುತ್ತಿದ್ದಳು ಹಸೀನಾ ಬೇಗಂ.

"ಏನಂತ ಬರೀಲಿ, ಖಾಲಾ? ಖರೇ ಹೇಳಿದ್ದು ತಪ್ಪಾತು ಅಂತನಾ?"

ಎರಡು ವರ್ಷದ ಮೇಲೆ ರಾಮಲಿಂಗಪ್ಪ ಮತ್ತೆ ಬಾಗಿಲಲ್ಲಿ ನಿಂತಿದ್ದರು.

"ಅಂವ ಇನ್ನೊಮ್ಮೆ ಅರ್ಜಿ ಹಾಕ್ಯಾನಮ್ಮ. ಈ ಸಲ ಉಳಿದ ಸಾಲ ತಾನಾಗೇ ಹೇಳ್ಯಾನ. 'ನಿನ್ನ ಬಗ್ಗೆ ಯಾರನ್ನ ಕೇಳ್ಬೇಕಪ್ಪಾ' ಅಂತ ಅಂವನ್ನ ಕೇಳಿದ್ರ, ನಿಮ್ಮ ಹೆಸರು ಹೇಳ್ದ."

"ನನ್ನ ಹೆಸರಾ?..."

"ಹೋದ ಸಲ ಸಾಲಕ್ಕಲ್ಲ, ಸುಳ್ಳಿಗೆ ನಾವು ಬ್ಯಾಡ ಅಂದಿದ್ದು. ಅದನ್ನೂ ಅಂವಗ ಹೇಳ್ದೆ. ನೀವು ಅವತ್ತು 'ತನ್ನ ತಾನು ಮಾರ್ಕೊಳ್ಳೋ ಮನಷ್ಯಾ ಅಲ್ಲ' ಅಂದಿದ್ದೂ ಹೇಳ್ದೆ. ಮುಖ ತಗ್ಗಿಸಿದ."

ಮರು ರವಿವಾರ, ಇಳಿಬಿಸಿಲಿನಲ್ಲಿ, ಅಂಗಳದ ಬಾಗಿಲಲ್ಲಿ ಹನುಮಂತ್ರಾಯ! ಸೊರಗಿದ್ದ. ಒಳಗೆ ಬರಲು ಹಿಂಜರಿಯುತ್ತಿದ್ದ.

"ಕೆಲಸ ಆತೇನ್ರಿ?"

"ಇನ್ನೂ ಗೊತ್ತಿಲ್ಲ. ಅದು ಗೊತ್ತಾಗೋ ತನಕ ಕಾಯಬಾರ್ದು ಅನ್ಸಿತು... ಖರೇ ಹೇಳಿ ನೀನು ನನ್ನ ಉಳಿಸಿದ್ದಿ. ನಾನ ನಿನ್ನ ಒಬ್ಬಾಕಿನ್ನ ಮಾಡಿ ಹೋದೆ. ನೀನಿಲ್ದ ನನಗ ಆಗೂದಿಲ್ಲ, ಹಂಪಮ್ಮ."

ಅವಳು ಕಣ್ಣೀರು ತಡೆಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

"ಸಿಟ್ಟು ಇನ್ನೂ ಅದ ಏನು?" ಅವನು ಮೆಲ್ಲಗೆ ಕೇಳಿದ.

"ಅದ! ಬಾಳ ಅದ. ದಿನಾ ಇಷ್ಟಿಷ್ಟು ಹೇಳ್ತೀನಿ... ಕೇಳಾಕ ಇರ್ತೀರಲ್ಲ?"

"ಇರ್ತೀನಿ."