ಪೈಪಿಲ್ಲದ ನಕ್ಷೆ

ಜುಲೈ ಹದಿನಾಲ್ಕು, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಠಾಣೆಗೆ ಬಂದ ಯಮುನಳ ಸೀರೆಯ ಅಂಚಿನಲ್ಲಿ ಇನ್ನೂ ಕೆಂಪು ಕೆಸರಿತ್ತು. ಮೂರ್ನಾಡಿನ ಹೊಸ ಮನೆಯೊಂದರ ಹಿಂದಿನ ತಡೆಗೋಡೆ ಕುಸಿದು, ಅಲ್ಲಿ ಕೂಲಿಗಿದ್ದ ಅವಳ ಅಕ್ಕ ಕೆಂಚಿ ಸತ್ತಿದ್ದಳು.

"ಮೇಸ್ತ್ರಿ ಮಲ್ಲಪ್ಪನೇ ಕಾರಣ. ನೀರಿಳಿಯೋಕೆ ಒಂದು ಪೈಪೂ ಇಟ್ಟಿಲ್ಲ."

ಎಫ್‌ಐಆರ್ ಆಯಿತು. ಪಂಚನಾಮೆಗೆ ಹೋಗಿ ನೋಡಿದರೆ ಅವಳ ಮಾತು ನಿಜ. ನೀರು ಕುಡಿದ ಮಣ್ಣು ಗೋಡೆಯನ್ನೇ ದೂಡಿತ್ತು. ಸಂಜೆ ನಕ್ಷೆಗಾರ ತೀರ್ಥಪ್ರಸಾದ್ ತಾನಾಗಿ ಬಂದು ನಕ್ಷೆಯ ಪ್ರತಿ ಕೊಟ್ಟ. ತಾರೀಖು ಮಾರ್ಚ್ ಮೂರು, ಗೋಡೆಗೆ ಹನ್ನೆರಡು ಪೈಪು. ಇನ್ನೇನು ಬೇಕು? ಮಲ್ಲಪ್ಪ ಜೈಲಿಗೆ ಹೋಗುವುದು ಖಾತ್ರಿ ಎಂದರು ಎಲ್ಲರೂ. ಎಸ್‌ಐ ನೀಲಾವತಿಯವರಿಗೆ ಮಾತ್ರ ಯಾಕೋ ಸಮಾಧಾನವಾಗಲಿಲ್ಲ. ಹಿಡಿದು ತಂದಿದ್ದ ಮಲ್ಲಪ್ಪನನ್ನು ಆ ರಾತ್ರಿ ತಾವೇ ವಿಚಾರಿಸಿದರು.

"ನಕ್ಷೆ ಓದೋಕೆ ಬರುತ್ತಾ ನಿಂಗೆ?"

"ಅಕ್ಷರ ಬರಲ್ಲ ಮೇಡಂ. ಗೆರೆ ಬರುತ್ತೆ," ಎಂದ ಮಲ್ಲಪ್ಪ.

"ಪೈಪ್ ಯಾಕೆ ಇಡಲಿಲ್ಲ?"

"ಕಾಗದದಲ್ಲಿ ಇರ್ಲಿಲ್ಲ. ತೀರ್ಥಣ್ಣಂಗೆ ಫೋನ್ ಮಾಡಿ ಕೇಳ್ದೆ. ಕಾಗದದಲ್ಲಿ ಇದ್ದಂಗೇ ಕಟ್ಟು ಅಂದ್ರು."

ಅವನ ಬಳಿಯಿದ್ದ ನಕ್ಷೆಯ ಪ್ರತಿ ಕುಸಿದ ಮಣ್ಣಿನಡಿ ಹೋಗಿತ್ತು. ನೀಲಾವತಿ ಬಿಳಿ ಹಾಳೆ ಕೊಟ್ಟರು. ಮಲ್ಲಪ್ಪ ನೆನಪಿನಿಂದಲೇ ಬರೆದ. ಪಾಯದ ಅಗಲ, ಕಲ್ಲಿನ ಇಳಿಜಾರು, ಮೂಲೆಯ ಕಂಬ, ಎಲ್ಲವೂ ತೀರ್ಥಪ್ರಸಾದ್ ಕೊಟ್ಟ ನಕ್ಷೆಗೆ ತಾಳೆಯಾಯಿತು. ಪೈಪು ಮಾತ್ರ ಇಲ್ಲ. ಇಷ್ಟೆಲ್ಲ ನೋಡಿದವನ ಕಣ್ಣಿಗೆ ಹನ್ನೆರಡು ಪೈಪು ಬೀಳಲಿಲ್ಲವೇ?

ಹದಿನೈದರ ಬೆಳಿಗ್ಗೆ ಹತ್ತಕ್ಕೆ ಅವರು ಪಂಚರೊಂದಿಗೆ ತೀರ್ಥಪ್ರಸಾದನ ಆಫೀಸಿಗೆ ಹೋದರು. ಹಳೇ ಕಂಪ್ಯೂಟರ್, ಅದರಲ್ಲಿ ಇಪ್ಪತ್ತು ವರ್ಷ ಹಳೆಯ ಡ್ರಾಯಿಂಗ್ ಸಾಫ್ಟ್‌ವೇರ್.

"ಇನ್ನೂ ಇದರಲ್ಲೇನಾ?"

"ನಾಲ್ಕು ಗೆರೆ ಎಳೆಯೋಕೆ ಇದು ಸಾಕು ಮೇಡಂ. ಇಂಟರ್ನೆಟ್ ಬೇಡ, ವರ್ಷ ವರ್ಷ ಬಾಡಿಗೆ ಕಟ್ಟೋದು ಬೇಡ."

ಕಾನ್‌ಸ್ಟೇಬಲ್ ಚಂದ್ರು ಐಟಿಐನಲ್ಲಿ ಇದನ್ನೇ ಕಲಿತವನು. ಫೋಲ್ಡರ್ ತೆರೆದು ತಲೆಯೆತ್ತಿದ. "ಮೇಡಂ, ಈ ನಕ್ಷೆ ಸೇವ್ ಆಗಿರೋದು ನಿನ್ನೆ, ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ. ಪ್ರತಿ ಸಲ ಸೇವ್ ಮಾಡ್ದಾಗ ಹಿಂದಿನದು ಪಕ್ಕದಲ್ಲೇ ಉಳಿಯುತ್ತೆ. ಇಲ್ಲಿದೆ, ಮಾರ್ಚ್ ಮೂರರದ್ದು."

ತೆರೆದ. ಗೋಡೆಯಿತ್ತು, ಪೈಪಿರಲಿಲ್ಲ. ಚಂದ್ರು ಒಂದು ಕಡೆ ಒತ್ತಿದೊಡನೆ ಹನ್ನೆರಡೂ ಕಾಣಿಸಿಕೊಂಡವು. "ಪೈಪನ್ನ ಬೇರೆ ಲೇಯರಲ್ಲಿ, ಅಂದ್ರೆ ಮೇಲೆ ಹೊದಿಸಿದ ಇನ್ನೊಂದು ಹಾಳೆ ಥರದ ಪದರದಲ್ಲಿ ಬರ್ದಿದಾರೆ. ಆ ಲೇಯರ್ ಆಫ್ ಇದ್ರೆ ಪ್ರಿಂಟಲ್ಲಿ ಬರಲ್ಲ."

ತೀರ್ಥಪ್ರಸಾದ್ ಒಪ್ಪಿಕೊಂಡ. "ನೋಡದೆ ಪ್ರಿಂಟ್ ಕೊಟ್ಟೆ ಮೇಡಂ. ಮಲ್ಲಪ್ಪ ಫೋನ್ ಮಾಡಿದಾಗ್ಲೂ ಪೈಪ್ ಕಾಗದದಲ್ಲಿದೆ ಅಂತಲೇ ನಂಬಿದ್ದೆ."

"ಅದು ತಪ್ಪು. ನಿನ್ನೆ ಮಾಡಿದ್ದು?"

"ಹಳೇ ಡಬ್ಬ ಅಂತ ಎಲ್ರೂ ನಗ್ತಿದ್ರು. ಇದ್ರಿಂದ ಜೀವ ಹೋಯ್ತು ಅಂದ್ರೆ ಇನ್ಯಾರು ನಕ್ಷೆ ಬರೆಸ್ತಾರೆ? ಹೆದರ್ಕೊಂಡು ಆ ಲೇಯರ್ ಆನ್ ಮಾಡಿ, ಹಳೇ ತಾರೀಖಲ್ಲೇ ಹೊಸ ಪ್ರಿಂಟ್ ತೆಗ್ದೆ. ಮಲ್ಲಪ್ಪಂಗೆ ಅಕ್ಷರ ಬರಲ್ಲ, ಅವನ ಮಾತು ಯಾರು ಕೇಳ್ತಾರೆ ಅನ್ಕೊಂಡೆ."

ನೀಲಾವತಿಯವರಿಗೆ ಮೈಯೆಲ್ಲ ಉರಿಯಿತು. ದನಿ ಏರಿಸಲಿಲ್ಲ. ಹನ್ನೊಂದು ಐವತ್ತಕ್ಕೆ ಬಂಧನವಾಯಿತು.

ಮಧ್ಯಾಹ್ನ ಮಲ್ಲಪ್ಪನನ್ನು ಬಿಟ್ಟರು. ಅವನು ಬಾಗಿಲ ತನಕ ಹೋಗಿ ನಿಂತ.

"ನಿನ್ನೆ ಬೆಳಿಗ್ಗೆ ಕೆಂಚಿ ಕೇಳಿದ್ಲು ಮೇಡಂ, ಗೋಡೆ ಗಟ್ಟಿ ಐತಾ ಮೇಸ್ತ್ರಿ ಅಂತ. ಹೂಂ ಅಂದಿದ್ದೆ."

ನೀಲಾವತಿ ಅವನು ಬರೆದ ಹಾಳೆಯನ್ನು ಕೇಸ್ ಫೈಲಿಗೆ ಸೇರಿಸಿದರು.